ಪಿಯುಸಿ ಬಂಡೆ

ನನಗೆ ಅನುಮಾನ ಜಾಸ್ತಿ. ಇದನ್ನು ನನ್ನ ಗಂಡ ಬೈಗುಳದ ಹಾಗೆ ಹೇಳುತ್ತಾರೆ, ನಾನು ಹೊಗಳಿಕೆ ಎಂದುಕೊಂಡು ಕೇಳಿಸಿಕೊಳ್ಳುತ್ತೇನೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಮನೆ ನಮ್ಮದು. ಶೇಂಗಾ ಚೀಲ ಬಂದರೆ ಮೇಲಿನ ಕಾಯಿ ನೋಡಿ ಬೆಲೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ತೋಳು ಮುಳುಗುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ನೋಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಕಂಡು ನನಗೇ ನಾಚಿಕೆಯಾಗುತ್ತಿತ್ತು. ಈಗ ನಾನು ಮನುಷ್ಯರನ್ನೂ ಹಾಗೇ ನೋಡುತ್ತೇನೆ, ಹೆತ್ತ ಮಗಳನ್ನಂತೂ ಬಿಡುವುದೇ ಇಲ್ಲ.

ಹಾಗಾಗಿ ಕಳೆದ ದಸರೆ ರಜೆಗೆ ಮೊಳಕಾಲ್ಮೂರಿನ ಅಕ್ಕನ ಮನೆಗೆ ಹೋದಾಗ, ಮಗಳು ನನಗಿಂತ ಮುಂಚೆ ಎದ್ದು ಕೂತದ್ದು ಕಂಡೇ ಏನೋ ಸರಿಯಿಲ್ಲ ಅನ್ನಿಸಿತು. ಅವಳು ಮೊದಲನೇ ಪಿಯುಸಿ. ಊರಿನಲ್ಲಿ ಅವಳನ್ನು ಎಬ್ಬಿಸಬೇಕೆಂದರೆ ಫ್ಯಾನ್ ಆರಿಸಿ, ಹೊದಿಕೆ ಎಳೆದು, ಕೊನೆಗೆ ಅವಳ ಅಪ್ಪನ ಹೆಸರು ಹೇಳಿ ಹೆದರಿಸಬೇಕು. ಅಂಥವಳು ಇಲ್ಲಿ ಬೆಳಕು ಹರಿಯುತ್ತಲೇ ಚಪ್ಪಲಿ ಹುಡುಕುತ್ತಿದ್ದಳು.

ರಜೆಗೆ ಬಂದವರು ನಾನು, ಮಗಳು ಮತ್ತು ನನ್ನ ಅವ್ವ. ಗಂಡ ಮಿಲ್ಲು ಬಿಟ್ಟು ಬರುವ ಆಸಾಮಿಯಲ್ಲ. ನಮ್ಮ ಬಸ್ಸು ಬಿ.ಜಿ. ಕೆರೆ ದಾಟುವ ಮುಂಚೆಯೇ ಫೋನು ಮಾಡಿ ವಾಪಸ್ಸು ಯಾವಾಗ ಎಂದು ಕೇಳಿದ್ದರು. ಅಕ್ಕನ ಯಜಮಾನರದು ರೇಷ್ಮೆ ಸೀರೆ ವ್ಯಾಪಾರ. ಪಕ್ಕದ್ದೇ ಮಗ್ಗದ ಮನೆ, ಬೆಳಗಾದರೆ ಲಾಳಿಯ ಸದ್ದು ಶುರು. ಆ ಮನೆಯ ಹುಡುಗಿಗೂ ನನ್ನ ಮಗಳಿಗೂ ಒಂದೇ ವಯಸ್ಸು, ಬಂದ ದಿನವೇ ಗಳಸ್ಯ ಕಂಠಸ್ಯ ಆಗಿದ್ದರು. ಅಕ್ಕನ ಮಗ ಅವರಿಗಿಂತ ಒಂದು ವರ್ಷ ದೊಡ್ಡವನು. ಈ ಮೂವರೂ ದಿನಾ ಬೆಳಿಗ್ಗೆ ವಾಕಿಂಗ್ ಎಂದು ಹೊರಡುತ್ತಿದ್ದರು. ಎದುರು ಅಂಗಡಿಯಿಂದ ಮೊಸರು ತಾ ಎಂದರೆ ಸ್ಕೂಟಿ ಕೇಳುವ ಹುಡುಗನಿಗೆ ಏಕಾಏಕಿ ವಾಕಿಂಗ್ ಹುಚ್ಚು!

ವಾಪಸ್ಸು ಬಂದಾಗ ಮಗಳ ತಲೆ ಒದ್ದೆ. ಏನೇ ಇದು ಎಂದರೆ, "ಪಕ್ಕದ್ಮನೇಲೇ ಸ್ನಾನ ಮಾಡ್ದೆ." ಕಣ್ಣು ಕೆಂಪು. "ಸೋಪು ಹೋಯ್ತು." ಮೊಣಕೈ ತರಚಿತ್ತು. "ಜಾರ್ದೆ." ಉತ್ತರಗಳೆಲ್ಲ ಸಿದ್ಧವಿದ್ದವು, ಅದೂ ಒಂದೊಂದೇ ಮಾತಿನಲ್ಲಿ. ನಿಜ ಹೇಳುವ ಮಕ್ಕಳು ಹೀಗೆ ಚುಟುಕಾಗಿ ಹೇಳುವುದಿಲ್ಲ, ಸುತ್ತಿ ಬಳಸಿ ತಲೆ ತಿನ್ನುತ್ತಾರೆ. ಇದೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಅವಳ ದುಪಟ್ಟಾ. ಮನೆಯೊಳಗೆ ದುಪಟ್ಟಾ ಹಾಕು ಎಂದರೆ ಹಾವು ತುಳಿದವಳಂತೆ ಕುಣಿಯುವವಳು, ಈಗ ಆ ಸೆಕೆಯಲ್ಲಿ ಕುತ್ತಿಗೆ ತುಂಬ ಸುತ್ತಿಕೊಂಡು ಓಡಾಡುತ್ತಿದ್ದಳು. ಕುತ್ತಿಗೆಯಲ್ಲಿ ಏನನ್ನು ಮುಚ್ಚುತ್ತಿದ್ದಾಳೆ? ಹದಿನಾರರ ಮಗಳಿರುವ ತಾಯಿಯ ತಲೆಗೆ ಏನೇನು ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಕನಿಗೆ ಹೇಳಿದೆ. ಅವಳು ಹುರಳಿ ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಏ, ನಿಂಗೆ ಮಾಡಾಕೆ ಬೇರೆ ಕೆಲ್ಸ ಇಲ್ಲ. ರಜ ಐತೆ, ಮಕ್ಳು ಆಡ್ತಾವೆ ಬಿಡು" ಎಂದಳು. ಇವಳ ಮಗನೂ ಸೇರಿದ್ದಾನಲ್ಲ, ಅದಕ್ಕೇ ಮುಚ್ಚಿಹಾಕುತ್ತಿದ್ದಾಳೆ ಎಂದು ಅವಳ ಮೇಲೂ ಅನುಮಾನ ಬಂತು.

ಪೂಜೆಯ ವಿಷಯ ಬೇರೆ ಇತ್ತು. ಅವ್ವ ಎಲ್ಲಿದ್ದರೂ ಸರಿ, ಬೆಳಿಗ್ಗೆ ಮೈಗೆ ನೀರು ಹಾಕಿಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಒಂದು ತೊಟ್ಟು ಚಹಾ ಕುಡಿಯುವವಳಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳುವುದು ಅವಳಿಗೆ ಆಸೆ. ಮಗಳು ಒಂದು ದಿನ ತಲೆನೋವು ಎಂದಳು, ಮರುದಿನ ಹೊರಗಾಗಿದ್ದೀನಿ ಎಂದಳು. ಅವ್ವ ನಕ್ಕುಬಿಟ್ಟಳು. "ಲಿಂಗ ಕಟ್ಟಿದ ಮೈಗೆ ಎಂಥ ಮೈಲಿಗೆ ತಾಯಿ? ನಮ್ಮಲ್ಲಿ ಅದೆಲ್ಲ ಇಲ್ಲ, ಬಾ ಕೂತ್ಕ." ಅಷ್ಟರಲ್ಲಿ ಮಗಳು ಹೊಸ್ತಿಲು ದಾಟಿಯಾಗಿತ್ತು. ನನಗೋ ಅವಳ ತಾರೀಕು ಗೊತ್ತಿಲ್ಲವೇ? ಸುಳ್ಳು ಎಂದು ಗೊತ್ತಾಯಿತು. ಕಾಲೇಜು ಶುರುವಾದಾಗ ಇದೇ ಲಿಂಗದ ವಿಚಾರಕ್ಕೆ ನಮ್ಮಿಬ್ಬರಿಗೂ ದೊಡ್ಡ ಜಗಳವಾಗಿತ್ತು. ಗೆಳತಿಯರು ಇದೇನು ಡಬ್ಬಿ ಎಂದು ಕೇಳುತ್ತಾರೆ, ನಾನು ಹಾಕಿಕೊಂಡು ಹೋಗಲ್ಲ ಎಂದು ಅವಳು. ಒಂದು ಗಳಿಗೆಯೂ ಮೈಮೇಲಿಂದ ತೆಗೆಯಬಾರದು, ಸ್ನಾನದಲ್ಲೂ ತೆಗೆಯಬಾರದು ಎಂದು ನಾನು. ಗೆದ್ದವಳು ನಾನೇ. ಇದು ಆ ಸೋಲಿನ ಹಟ ಎಂದುಕೊಂಡೆ.

ಆಮೇಲೆ ಒಂದು ಸಂಜೆ ಮಗ್ಗದ ಮನೆಯ ಹುಡುಗಿ ಜಗಲಿಯ ಮೇಲೆ ಅಕ್ಕನ ಮಗನಿಗೆ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. "ಈ ರೋಜು ಕೂಡಾ ದೊರಕಲೇದು." ಇವತ್ತೂ ಸಿಗಲಿಲ್ಲ. ಚಳ್ಳಕೆರೆ ಸಂತೆಯಲ್ಲಿ ಓಡಾಡುವ ನನಗೆ ಅಷ್ಟು ತೆಲುಗು ಬಾರದೇನು? ನನ್ನನ್ನು ನೋಡಿದ್ದೇ ತಡ ಹುಡುಗಿ "ಏಮೀ ಲೇದು ಆಂಟಿ" ಎಂದು ಎದ್ದು ಹೋದಳು. ಏನೂ ಇಲ್ಲ ಎಂದು ಕೇಳದೆಯೇ ಹೇಳಿದರೆ ಏನೋ ಇದೆ ಎಂದೇ ಲೆಕ್ಕ.

ಮರುದಿನ ಅವರ ಹಿಂದೆಯೇ ಹೊರಟೆ. ಊರ ಹಿಂದಿನ ಗುಡ್ಡದ ದಾರಿ. ಬಂಡೆಗಳ ಸಂದಿಯಲ್ಲಿ ಸೀರೆ ಎತ್ತಿಕಟ್ಟಿಕೊಂಡು, ಜಾಲಿ ಮುಳ್ಳು ಬಿಡಿಸಿಕೊಳ್ಳುತ್ತ, ಏದುಸಿರು ಬಿಡುತ್ತ ಹತ್ತಿದೆ. ಮೇಲೆ ನಗು ಕೇಳಿಸುತ್ತಿತ್ತು. ಒಂದು ದೊಡ್ಡ ಗುಂಡುಕಲ್ಲಿನ ಮರೆಯಲ್ಲಿ ನಿಂತು ಇಣುಕಿದೆ. ಕೆಳಗೆ ದೊಣೆ. ಬಂಡೆಗಳ ನಡುವೆ ಮಳೆ ನೀರು ನಿಂತು ಆದ ಹೊಂಡಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ನೀರು ಕಪ್ಪಗೆ, ತಳ ಕಾಣದ ಹಾಗೆ ತುಂಬಿತ್ತು. ಅದರ ಒಂದು ಮಗ್ಗುಲಲ್ಲಿ ಬಂಡೆಗಳು ಒಂದರ ಮೇಲೊಂದು ಎದ್ದಿದ್ದವು. ಆ ಊರಿನ ಹುಡುಗರು ಅವಕ್ಕೆ ಹೆಸರಿಟ್ಟಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಕೆಳಗಿನದು ಎಲ್‌ಕೆಜಿ, ನಡುವಿನದು ಹೈಸ್ಕೂಲು, ತುತ್ತತುದಿಯದು ಪಿಯುಸಿ.

ಅಕ್ಕನ ಮಗ ಹೈಸ್ಕೂಲಿನಿಂದ ಕೇಕೆ ಹಾಕಿ ಹಾರಿದ. ಮಗ್ಗದ ಮನೆಯ ಹುಡುಗಿ ಮೂಗು ಹಿಡಿದುಕೊಂಡು, ಚೂಡಿದಾರ ಗಾಳಿಗೆ ಉಬ್ಬಿಸಿಕೊಂಡು, ದೇವರನ್ನು ಕರೆಯುತ್ತ ಹಾರಿದಳು. ನನಗೆ ಸಿಟ್ಟು ಬಂದಿದ್ದರೂ ಒಳಗೊಳಗೇ ಹಗುರಾಯಿತು. ಹೊರಗಿನ ಹುಡುಗ ಯಾರೂ ಇರಲಿಲ್ಲ, ಇಷ್ಟೇ ತಾನೇ ಎಂದುಕೊಂಡೆ. ಆಗ ಕಂಡದ್ದು ಪಿಯುಸಿ ಬಂಡೆಯ ತುದಿಯಲ್ಲಿ ನಿಂತ ನನ್ನ ಮಗಳು.

ಕೂಗಲು ಬಾಯಿ ತೆರೆದೆ, ಕೂಗಲಿಲ್ಲ. ಗಾಬರಿಯಾಗಿ ಕಾಲು ಜಾರಿದರೆ ಕೆಳಗೆ ನೀರಿಗಿಂತ ಮೊದಲು ಕಲ್ಲಿತ್ತು. ಸೆರಗು ಬಾಯಿಗಿಟ್ಟುಕೊಂಡು ನಿಂತೆ. ಅವಳು ಎರಡೂ ಕಾಲು ಜೋಡಿಸಿ, ಕೈಗಳನ್ನು ಮೈಗೆ ಅಂಟಿಸಿಕೊಂಡು, ನೆಟ್ಟಗೆ ಹಾರಿದಳು. ನೀರು ಮುಚ್ಚಿಕೊಂಡಿತು. ಮೇಲೆ ಬರಲಿಲ್ಲ. ಇನ್ನೂ ಬರಲಿಲ್ಲ. ಕೊನೆಗೆ ತಲೆ ಕಂಡಿತು. ದಡಕ್ಕೆ ಈಜಿ ಬಂದು ಮುಚ್ಚಿದ ಮುಷ್ಟಿಯನ್ನು ಬಂಡೆಯ ಮೇಲೆ ಬಿಚ್ಚಿದಳು. ಕೆಸರು. ಮೂವರೂ ಕೂತು ಆ ಕೆಸರನ್ನು ಬೆರಳಲ್ಲಿ ಬಿಡಿಸಿ ನೋಡಿದರು. ಬೆಣಚುಕಲ್ಲು, ಕೊಳೆತ ಎಲೆ, ಒಂದು ಬಾಟಲಿ ಮುಚ್ಚಳ. ಮಗಳು ಅವನ್ನು ಆಚೆ ತಳ್ಳಿ ಮತ್ತೆ ಬಂಡೆ ಹತ್ತಲು ಹೊರಟಳು. ಮೋಜಿಗೆ ಹಾರುವವರ ಮುಖ ಹಾಗಿರುವುದಿಲ್ಲ.

ಇನ್ನು ತಡೆಯಲಾಗಲಿಲ್ಲ, ಮರೆಯಿಂದ ಹೊರಗೆ ಬಂದೆ. ಒದ್ದೆ ಟೀಶರ್ಟಿನ ಮೇಲೆ ಅವಳ ಕುತ್ತಿಗೆ ಬೋಳಾಗಿತ್ತು. ಶಿವದಾರವೂ ಇಲ್ಲ, ಕರಡಿಗೆಯೂ ಇಲ್ಲ.

"ಎಲ್ಲೈತೆ?" ಎಂದೆ.

ಉತ್ತರ ಕೊಟ್ಟವನು ಅಕ್ಕನ ಮಗ. "ನೀರಾಗೆ ಬಿತ್ತು ಚಿಕ್ಕಮ್ಮ. ಮೊದಲ್ನೇ ದಿನಾನೇ. ನಾನಾದ್ರೆ ದಾರ ಕಂಕುಳ ಕೆಳಗೆ ಹಾಕಿ ಬಿಗಿಯಾಗಿ ಕಟ್ಕಂಡಿರ್ತೀನಿ, ಇವ್ಳು ಕುತ್ತಿಗೇಲಿ ಹಂಗೇ ಬಿಟ್ಕಂಡು ಹಾರಿದ್ಳು. ಕೆಳಗಿಂದ ಮುಳುಗಿದ್ರೆ ತಳ ಸಿಗಲ್ಲ, ಅದುಕ್ಕೇ ಮೇಲಿಂದ..."

"ನೀನು ಸುಮ್ನಿರಪ್ಪ, ಅವಳು ಹೇಳ್ಲಿ."

ಮಗಳು ಮುಖದ ನೀರು ಒರೆಸಿಕೊಂಡಳು. "ಬಿದ್ದೋಯ್ತು ಅಂದ್ರೆ ನಂಬ್ತೀಯಾ?"

ನಾನು ಅವಳ ಮುಖವನ್ನೇ ಹುಡುಕಿ ನೋಡಿದೆ.

"ನೋಡು. ಅದುಕ್ಕೇ ಹೇಳ್ಲಿಲ್ಲ."

"ಬೇಡ ಬೇಡ ಅಂತ ಕುಣ್ದೋಳು ನೀನೇ ಅಲ್ವೇನೇ?"

"ಬೇಡ ಆಗಿದ್ರೆ ಬಿಚ್ಚಿ ಬಂಡೆ ಮೇಲಿಟ್ಟು ಹಾರ್ತಿದ್ದೆ ಅಮ್ಮ. ಭದ್ರವಾಗಿ ಇರ್ತಿತ್ತು. ತೆಗೀಬಾರ್ದು ಅಂದಿದ್ದೆ ನೀನು. ತೆಗೀದೆ ಹಾರಿದೆ, ಹೋಯ್ತು."

ಅವಳ ಮಾತು ನ್ಯಾಯವಾಗಿತ್ತು. ಅಷ್ಟು ನ್ಯಾಯವಾಗಿದ್ದುದಕ್ಕೇ ನನಗೆ ಇನ್ನಷ್ಟು ಅನುಮಾನ ಬಂತು. ಇಷ್ಟು ಚೆನ್ನಾಗಿ ಮಾತು ಜೋಡಿಸಿಕೊಳ್ಳಲು ಎಷ್ಟು ದಿನ ಹಿಡಿಯಿತೋ! ಒದ್ದೆ ಮೈಯಲ್ಲಿ ನಡುಗುತ್ತಿದ್ದ ಮಗಳ ಎದುರು ನಿಂತು ನಾನು ಯೋಚಿಸಿದ್ದು ಇದನ್ನು. ಹೀಗೆ ಯೋಚಿಸುತ್ತಿದ್ದೇನೆ ಎಂದು ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿರಬೇಕು. ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಗುಡ್ಡ ಇಳಿದಳು.

ಅವ್ವನಿಗೆ ಹೇಳದೆ ವಿಧಿಯಿರಲಿಲ್ಲ. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ಸರಿಸಿ, "ಅದ್ರ ಕೊರಳಿಗೆ ಲಿಂಗ ಬರೋವರ್ಗೂ ನಂಗೆ ಊಟ ಬ್ಯಾಡ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಮಾತ್ರ ಕರೆದು ಕೇಳಿದಳು. "ಬಿತ್ತೋ, ಬೀಳಿಸಿದ್ಳೋ? ಬೀಳಿಸಿದ್ರೆ ಅವ್ಳ ಕೈ ನೀರು ನಂಗೆ ಬ್ಯಾಡ, ಈಗ್ಲೇ ಹೇಳ್ಬಿಡು." ಅನುಮಾನ ನನಗೆ ಗಂಡನ ಮನೆಯಿಂದ ಬಂದದ್ದು ಎಂದೇ ಇಷ್ಟು ದಿನ ತಿಳಿದಿದ್ದೆ. ಗೊತ್ತಿಲ್ಲ ಎಂದು ಹೇಳಿ ಎದ್ದುಬಂದೆ. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಬೆಳಿಗ್ಗೆ ಭಾವ ಮಠದ ಅಯ್ಯನವರನ್ನು ಕರೆಸಿದರು. ಹೊಸ ಲಿಂಗ ಕಟ್ಟಲು ಮಣೆ ಹಾಕಿ, ವಿಭೂತಿ, ಹೂವು, ತಂಬಿಗೆ ನೀರು ಇಟ್ಟಿದ್ದರು. ಮಗಳು ತಲೆ ಬಗ್ಗಿಸಿ ಮಣೆಯ ಮೇಲೆ ಕೂತಿದ್ದಳು. ಅವ್ವ ಗೋಡೆಗೆ ಒರಗಿ, ನಿನ್ನೆಯಿಂದ ಏನೂ ತಿನ್ನದ ಬಾಯನ್ನು ಬಿಗಿಹಿಡಿದು, ನೋಡುತ್ತಿದ್ದಳು. ಅಯ್ಯನವರು ದಾರ ಕೈಗೆ ತೆಗೆದುಕೊಂಡವರು ಸುಮ್ಮನೆ ಕಟ್ಟಬಹುದಿತ್ತು. ಕಟ್ಟಲಿಲ್ಲ.

"ಹೆಂಗೆ ಹೋಯ್ತಮ್ಮ? ಕೈತಪ್ಪಿ ಹೋಯ್ತೋ, ಬ್ಯಾಡ ಅನ್ನಿಸ್ತೋ? ಬ್ಯಾಡ ಅನ್ನಿಸಿದ್ರೆ ಹೇಳು, ಬಲವಂತ ಇಲ್ಲ."

ಮಗಳು ಬಾಯಿ ಬಿಡಲಿಲ್ಲ. ನಿಜ ಹೇಳಿ ನಂಬಿಸಲಾಗದೆ ಸೋತವಳು ಎರಡನೇ ಸಲ ಏಕೆ ಹೇಳುತ್ತಾಳೆ? ಅವ್ವ ನನ್ನ ಕಡೆ ತಿರುಗಿದಳು, ಅಕ್ಕ ತಿರುಗಿದಳು, ಎಲ್ಲರೂ ತಿರುಗಿದರು. ಇನ್ನೊಂದು ಕ್ಷಣ ನಾನು ಸುಮ್ಮನಿದ್ದರೆ ಆ ಮೌನವೇ ಸಾಕ್ಷಿಯಾಗುತ್ತಿತ್ತು.

"ಬಿದ್ದೋಯ್ತು ಅಯ್ನೋರೆ" ಎಂದೆ. "ನಿನ್ನೆ ಸಿಟ್ಟಿಗೆ ಅವ್ವನ ಹತ್ರ ಗೊತ್ತಿಲ್ಲ ಅಂದಿದ್ದೆ. ನಾನು ಅಲ್ಲೇ ಇದ್ದೆ. ನೀರಿಗೆ ಬಿದ್ದ ಏಟಿಗೆ ದಾರ ತಲೆ ಮೇಲಿಂದ ಜಾರಿತು. ಕಣ್ಣಾರೆ ನೋಡಿದೀನಿ."

ನೋಡಿರಲಿಲ್ಲ. ವಿಭೂತಿಯ ಮುಂದೆ ಕೂತು ಹೇಳಿದ ಶುದ್ಧ ಸುಳ್ಳು ಅದು. ಆದರೆ ಹೇಳುತ್ತ ಹೇಳುತ್ತಲೇ ಆ ದಾರ ಅವಳ ತಲೆಯ ಮೇಲಿಂದ ಜಾರಿ ಕಪ್ಪು ನೀರಿನಲ್ಲಿ ಇಳಿಯುವುದು ನನಗೆ ನಿಜವಾಗಿ ಕಂಡಿತು. ಅದಕ್ಕಾಗಿ ಅವಳು ದಿನಾ ಆ ಎತ್ತರದಿಂದ ಒಬ್ಬಳೇ ಹಾರಿದ್ದಳು. ನನಗೆ ಅಳು ಬಂತು. ಅವ್ವ ಒಂದು ದೊಡ್ಡ ಉಸಿರು ಬಿಟ್ಟು, "ಕಟ್ರಿ ಅಯ್ನೋರೆ" ಎಂದಳು.

ಊರಿಗೆ ಹೊರಟ ಬಸ್ಸಿನಲ್ಲಿ ಮಗಳು ಕಿಟಕಿ ಪಕ್ಕ ಕೂತಿದ್ದಳು. ಅವ್ವ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಬಿ.ಜಿ. ಕೆರೆ ದಾಟಿದ ಮೇಲೆ ಮಗಳು ನನ್ನ ಕಡೆ ತಿರುಗದೆಯೇ ಕೇಳಿದಳು.

"ನಿಜವಾಗ್ಲೂ ನಂಬಿದ್ಯಾ? ಇಲ್ಲ, ಅಜ್ಜಿ ಮುಂದೆ ಮರ್ಯಾದೆ ಹೋಗುತ್ತೆ ಅಂತ ಹೇಳಿದ್ಯಾ?"

"ನಂಬಿದೀನಿ ಕಣೇ" ಎಂದೆ. "ನಿನ್ನಾಣೆ."

ಅವಳು ತಿರುಗಿ, ಕಣ್ಣು ಕಿರಿದು ಮಾಡಿ, ನನ್ನ ಮುಖವನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು. ಅವಳು ನಂಬಲಿಲ್ಲ.