ಬಂಡೆಯ ಪಾಲಾದ ಹೆಸರು

“ಅಂದ್ರೆ ನನಗಿಂತ ಆ ಕಲ್ಲೇ ಹೆಚ್ಚಾಯ್ತಾ ಪ್ರೊಫೆಸರಿಗೆ?” ಎಂದಳು ದೊಡ್ಡಮ್ಮ, ಗಿಡದ ಮುಂದೆ ನೆಟ್ಟ ಹೊಸ ತಗಡಿನ ಫಲಕದಿಂದ ಕಣ್ಣು ಕೀಳದೆ.

ತಂಗಿಯ ಮಗಳು, ಕಾಲೇಜು ಹುಡುಗಿ, ಫಲಕದ ಮೇಲಿನ ಹೆಸರಿನ ಮೇಲೆ ಬೆರಳಿಟ್ಟಳು. “ಸ್ಯಾಕ್ಸಿಕೋಲ ಅಂದ್ರೆ ಬಂಡೆ ಮೇಲೆ ವಾಸ ಮಾಡೋದು ಅಂತ, ದೊಡ್ಡಮ್ಮ. ಲ್ಯಾಟಿನ್‌ನಲ್ಲಿ ಸ್ಯಾಕ್ಸಮ್ ಅಂದ್ರೆ ಕಲ್ಲು. ಹಕ್ಕಿ, ಮೀನು, ಬೆಟ್ಟ, ಊರು, ಎಷ್ಟೊಂದರ ಹೆಸರಲ್ಲಿ ಈ ಕಲ್ಲು ಇದೆ ಗೊತ್ತಾ?”

“ಅಷ್ಟೊಂದು ಇದೆಯಲ್ಲ, ಇದೊಂದನ್ನಾದ್ರೂ ನನಗೆ ಬಿಡಬಹುದಿತ್ತು.”

ದೊಡ್ಡಮ್ಮ ಸಸ್ಯೋದ್ಯಾನದ ಮಾಲಿ. ಪ್ರೊಫೆಸರು ಕಾಡಿಗೆ ಹೊರಟಾಗಲೆಲ್ಲ ಬುಟ್ಟಿ ಹೊತ್ತು ಹಿಂದೆ ಹೋಗುತ್ತಿದ್ದಳು. ಕಡಿದಾದ ಬಂಡೆಯ ಬಿರುಕಿನಲ್ಲಿ ಈ ನೇರಳೆ ಹೂವನ್ನು ಮೊದಲು ಕಂಡವಳು ಅವಳೇ, ಬಂಡೆ ಹತ್ತಿ ಬೇರುಸಮೇತ ಬಿಡಿಸಿ ತಂದವಳೂ ಅವಳೇ. ಇಳಿಯುವಾಗ ಜಾರಿ ಮುರಿದುಕೊಂಡ ಸೊಂಟ ಇವತ್ತಿಗೂ ನೆಟ್ಟಗಾಗಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಪ್ರೊಫೆಸರು ಹೇಳಿದ್ದರು: “ಹೆಸರಿಡೋರು ತಮ್ಮ ಹೆಸರನ್ನೇ ಇಟ್ಕೊಳ್ಳೋ ಪದ್ಧತಿ ಇಲ್ಲಮ್ಮ. ಇದಕ್ಕೆ ನಿನ್ನ ಹೆಸರಿಡ್ತೀನಿ.”

ಆ ಮಾತನ್ನು ಅವಳು ಬೀದಿಗೆಲ್ಲ ಹಂಚಿದ್ದಳು. ಫಲಕ ಕಂಡ ಮಾರನೆಯ ದಿನ ನಲ್ಲಿಯ ಹತ್ತಿರ ನಾದಿನಿ ನಗುತ್ತ ಕೇಳಿದಳು: “ಏನತ್ತಿಗೆ, ನಿಮ್ಮ ಹೆಸರನ್ನ ಯಾವುದೋ ಕಲ್ಲು ಹೊಡ್ಕೊಂಡು ಹೋಯ್ತಂತೆ?”

ಅವತ್ತೇ ದೊಡ್ಡಮ್ಮ ಗಿಡವನ್ನು ಉದ್ಯಾನದಲ್ಲಿ ಜೋಡಿಸಿದ್ದ ಕಲ್ಲುಗಳ ಸಂದಿಯಿಂದ ಬಿಡಿಸಿ ಕುಂಡಕ್ಕೆ ಹಾಕಿದಳು. ಕಪ್ಪು ಮಣ್ಣು, ಎಲೆಗೊಬ್ಬರ, ಬೆಳಿಗ್ಗೆ ಸಂಜೆ ನೀರು. ಕಲ್ಲಿನ ಹಂಗಿಲ್ಲದೆ ಬದುಕಿ ಆ ಹೆಸರನ್ನು ಸುಳ್ಳು ಮಾಡಲಿ ಎಂಬ ಹಟ. ಕೆಲವೇ ದಿನಗಳಲ್ಲಿ ಬುಡ ಕೊಳೆಯಿತು.

ಪ್ರೊಫೆಸರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. “ತಂದದ್ದರಲ್ಲಿ ಬದುಕಿ ಉಳಿದಿದ್ದೇ ಇದೊಂದು. ಇನ್ನೊಂದು ತರಬೇಕಲ್ಲಮ್ಮ.”

“ಕಲ್ಲನ್ನೇ ಕೇಳಿ ಸಾರ್. ನನ್ನ ಹೆಸರಿಡ್ತೀನಿ ಅಂದಿದ್ರಿ.”

“ಅಂದಿದ್ನಾ?” ನಿಜಕ್ಕೂ ಅವರಿಗೆ ನೆನಪಿರಲಿಲ್ಲ.

ಅವರು ಹೋದ ಮೇಲೆ ದೊಡ್ಡಮ್ಮ ಬೇರನ್ನು ಬೆರಳಲ್ಲಿ ಹಿಸುಕಿದಳು. ಲೋಳೆ ಅಂಟಿತು. ಸೊಂಟ ಮುರಿದುಕೊಂಡು ತಂದದ್ದನ್ನು ಕೈಯಾರೆ ಕೊಂದಿದ್ದಳು. ಅವರಿಗೋ ತಾವು ಆಡಿದ ಮಾತೇ ಗೊತ್ತಿಲ್ಲ.

ಭಾನುವಾರ ಬಂದ ಹುಡುಗಿ ಖಾಲಿ ಕುಂಡ ನೋಡಿ ಮೆಲ್ಲಗೆ ಕೇಳಿದಳು: “ಬಂಡೆ ಮೇಲೆ ಇನ್ನೂ ಇರಬಹುದಾ, ದೊಡ್ಡಮ್ಮ?”

“ಯಾರಿಗ್ಗೊತ್ತು. ಅವತ್ತು ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಚ್ಕೊಂಡು ಬಂದಿದ್ದೆ. ಮುಂದಿನ ವಾರ ಬಾ, ಹೋಗಿ ನೋಡೋಣ. ನಾನು ಕೆಳಗೇ ನಿಲ್ತೀನಿ, ನೀನು ಹತ್ತು.”

“ಸಿಕ್ಕಿದ್ರೆ ಪ್ರೊಫೆಸರಿಗೆ ತರೋದಾ?”

“ಮುಟ್ಟಿದ್ರೆ ಕೈ ಮುರೀತೀನಿ. ನೋಡ್ಕೊಂಡು ಬರೋದು, ಅಷ್ಟೇ. ಒಳ್ಳೆ ಚಪ್ಪಲಿ ಹಾಕ್ಕೊಂಡ್ಬಾ.”