ರೂತಕ್ಕನ ಮೂರನೇ ಸಾಲು

ಮೊನ್ನೆ ಶನಿವಾರ ಬೆಳಿಗ್ಗೆ ಹಳೆಯ ಮೈಕಿನ ಪೆಟ್ಟಿಗೆ ತೆರೆದೆ. ಗಪ್ಪೆಂದು ಅತಿಮಧುರದ ವಾಸನೆ. ಗಂಟಲಿಗೆ ಒಳ್ಳೆಯದೆಂದು ಹಾಡುವವರು ಅಗಿಯುವ ಆ ಬೇರಿನ ಚೂರೊಂದು, ಸ್ಪಂಜಿನ ಸಂದಿಯಲ್ಲಿ, ಹಲ್ಲಿನ ಗುರುತಿನ ಸಮೇತ ಸಿಕ್ಕಿಕೊಂಡಿತ್ತು. ಚೆನ್ನೈನ ಪೋರೂರಿನಲ್ಲಿರುವ ನನ್ನ ಸ್ಟುಡಿಯೋದಲ್ಲಿ ಅದನ್ನು ಅಗಿಯುತ್ತಿದ್ದವರು ರೂತಕ್ಕ ಒಬ್ಬರೇ. ಅವರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಸ್ಟುಡಿಯೋ ಎಂದರೆ ದೊಡ್ಡದಾಗಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಅಪ್ಪ ಪೂಜೆಗೆ ಕೂರುತ್ತಿದ್ದ ಕೋಣೆಯ ಗೋಡೆಗಳಿಗೆ ಹಾಸಿಗೆ ಬಡಿದು ಮಾಡಿಕೊಂಡದ್ದು. ನಾವು ಮೂರು ತಲೆಮಾರಿನಿಂದ ಮದ್ರಾಸಿನ ಮಾಧ್ವರು; ಮನೆಯ ಕನ್ನಡಕ್ಕೆ ತಮಿಳಿನ ಒಗ್ಗರಣೆ ಜಾಸ್ತಿ. "ರಾಯರ ಫೋಟೋ ಇದ್ದ ರೂಮಲ್ಲಿ ಯೇಸು ಪಾಟ್ಟು ಹಾಡೋದಾ? ಪೋದುಂ, ಸಾಕು ಕಣೋ!" ಎಂದು ಅಮ್ಮ ಮೊದಮೊದಲು ಗೊಣಗಿದಳು. ಆಮೇಲೆ ರೂತಕ್ಕ ಹಾಡುವ ದಿನ ಅವಳೇ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು, ಹುರುಳಿಕಾಯಿ ಮುರಿಯುವ ನೆಪದಲ್ಲಿ ಕೂರತೊಡಗಿದಳು.

ರೂತಕ್ಕ ಕೊಳ್ಳೇಗಾಲದ ಕಡೆಯವರು, ಮದುವೆಯಾಗಿ ಚೆನ್ನೈಗೆ ಬಂದವರು. ಇಲ್ಲಿ ಯಾರು ಕನ್ನಡದಲ್ಲಿ ಕ್ರೈಸ್ತ ಗೀತೆಗಳ ಆಲ್ಬಂ ಮಾಡಿದರೂ ಕರೆ ಹೋಗುತ್ತಿದ್ದದ್ದು ಅವರಿಗೇ. ಹಾಡುವ ಮುಂಚೆ ಮೈಕಿನ ಕಂಬದ ಮೇಲೆ ಕೈಯಿಟ್ಟು ಕಣ್ಣು ಮುಚ್ಚುವರು, ಅತಿಮಧುರವನ್ನು ದವಡೆಗೆ ತಳ್ಳುವರು, ಶುರು. ಸಂಗೀತದಲ್ಲಿ ನಾನೇ ಪಂಡಿತನೆಂದು ಬೀಗುತ್ತಿದ್ದವನು ಆ ದನಿಯ ಮುಂದೆ ಬಾಲ ಮುದುರಿಕೊಳ್ಳುತ್ತಿದ್ದೆ.

ಆದರೂ ನನಗೊಂದು ಚಟ. ಸಾಲು ಸಾಲಿನ ನಡುವೆ ಹಾಡುವವರು ಉಸಿರೆಳೆದುಕೊಳ್ಳುವ ಸದ್ದನ್ನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಕತ್ತರಿಸುವುದು. ಇದೊಂದಕ್ಕೇ ಅವರಿಗೆ ನನ್ನ ಮೇಲೆ ಸಿಟ್ಟು.

"ಏನ್ ಆಚಾರ್ರೇ, ನನ್ನ ಉಸಿರು ನಿಮಗೇನು ಮಾಡ್ತು? ಕೊಟ್ಟೋನು ದೇವ್ರು. ಕತ್ರಿ ಹಾಕೋಕೆ ನೀವ್ಯಾರು?"

"ಸೌಂಡು ಕ್ಲೀನಾಗಿ ಬರುತ್ತೆ ಅಕ್ಕ."

"ಕ್ಲೀನಾಗಿರೋಕೆ ನಾನೇನು ಸ್ಟೀಲ್ ಪಾತ್ರೇನಾ?"

ಇಬ್ಬರೂ ನಗುತ್ತಿದ್ದೆವು. ಅವರು ಮನೆಗೆ ಹೋದ ಮೇಲೆ ನಾನು ಕತ್ತರಿಸುತ್ತಿದ್ದೆ.

ಆಮೇಲೆ ಅವರ ಗಂಟಲಲ್ಲಿ ಗಂಟು ಎದ್ದಿತು. ತೆಗೆದರೆ ದನಿ ಹೋಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು, ತೆಗೆಯದೆ ವಿಧಿಯಿರಲಿಲ್ಲ. ದನಿ ಹೋಯಿತು. ಉಳಿದದ್ದು ಪಿಸುಮಾತು. ಅವರ ಚರ್ಚಿನ ಸಭೆಯವರು ಉಪವಾಸ ಮಾಡಿ ಪ್ರಾರ್ಥಿಸಿದರು. ಅವರಲ್ಲಿ ಸಾಕ್ಷಿ ಹೇಳುವುದು ಎಂಬ ಪದ್ಧತಿ ಇದೆ: ದೇವರು ತನಗೆ ಮಾಡಿದ್ದನ್ನು ವೇದಿಕೆಯ ಮೇಲೆ ನಿಂತು ಎಲ್ಲರೆದುರು ಹೇಳುವುದು. ಅವರ ಪಾಸ್ಟರು ಇನ್ನೊಂದು ಹೆಜ್ಜೆ ಮುಂದೆ. "ಅಕ್ಕ, ಗುಣವಾಯ್ತು ಅಂತ ಮೊದ್ಲು ನಂಬಿ ನಿಂತ್ಕೊಳ್ಳಿ. ವಿಶ್ವಾಸ ಮುಖ್ಯಂ. ಅಪ್ಪುರಂ, ಆಮೇಲೆ, ಕರ್ತರು ಕೊಡ್ತಾರೆ" ಎಂದರು. ರೂತಕ್ಕ ನಂಬಿದರು. ಅವರು ಯಾವುದನ್ನೂ ಅರ್ಧಂಬರ್ಧ ನಂಬುವವರಲ್ಲ. ನನ್ನ ಕೈ ಹಿಡಿದು ಪಿಸುಗುಟ್ಟಿದರು: "ನನ್ನ ದನಿ ಇಲ್ಲದ ಟ್ರ್ಯಾಕ್ ಮಾತ್ರ ಹಾಕಿ. ಮಿಕ್ಕಿದ್ದು ಅವನ ಕೆಲಸ."

ಸಾಕ್ಷಿಯ ದಿನ ಎಗ್ಮೋರಿನ ಸಭಾಂಗಣ ತುಂಬಿತ್ತು, ಸೌಂಡಿಗೆ ಕೂತಿದ್ದವನು ನಾನು. ವಾದ್ಯಗಳು ಶುರುವಾದವು. ರೂತಕ್ಕ ಬಾಯಿ ತೆರೆದರು. ಬಂದದ್ದು ಒಣ ಗಾಳಿ. ಇನ್ನೊಮ್ಮೆ. ಮತ್ತೆ ಗಾಳಿ. ಸಭೆಯಲ್ಲಿ ಗುಸುಗುಸು. ಅವರೇ ಹಿಂದೆ ಹಾಡಿದ ಅದೇ ಹಾಡು ನನ್ನ ಲ್ಯಾಪ್‌ಟಾಪಿನಲ್ಲಿ ಪಕ್ಕದಲ್ಲೇ ಇತ್ತು. ಬೆರಳು ಸರಿಸಿ ಅದನ್ನು ಹಾಕಿಬಿಟ್ಟೆ. ಕರುಣೆ ಎಂದುಕೊಂಡೆ ಸ್ವಾಮಿ. ಹಾಳು ಕರುಣೆ!

ದನಿ ತುಂಬಿಕೊಂಡಿತು. ಜನ ಎದ್ದು ನಿಂತು ಹಲ್ಲೆಲೂಯಾ ಎಂದು ಅತ್ತರು. ರೂತಕ್ಕನ ಮುಖ ಹೇಗೆ ಅರಳಿತೆಂದರೆ, ನಾನು ಒಳ್ಳೆಯ ಕೆಲಸ ಮಾಡಿದೆ ಎಂದೇ ನಂಬಿದೆ. ಆಮೇಲೆ ಆ ಮುಖ ಸತ್ತಿತು. ಹಾಡು ಮುಗಿಯುವವರೆಗೆ ಅವರು ಸುಮ್ಮನೆ ಬಾಯಿ ಆಡಿಸಿದರು.

ಆ ವಿಡಿಯೋ ಊರೆಲ್ಲ ಹರಿದಾಡಿತು. ಗಂಟಲು ಕೆಟ್ಟವರು, ಮಾತು ಬಾರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ರೂತಕ್ಕನ ಬಾಗಿಲಿಗೆ ಬಂದರು, ಕೈಯಿಟ್ಟು ಪ್ರಾರ್ಥಿಸಿ ಎಂದು. ಅವರು ಚೆನ್ನೈನ ಉತ್ತರದ ಅಂಚಿನ ಮಣಲಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಎರಡು ವರ್ಷ ಮುಖ ತಪ್ಪಿಸಿ, ಕೊನೆಗೆ ಹೋದೆ. ರಿಫೈನರಿಯ ಎಣ್ಣೆ ವಾಸನೆಯ ಆ ಮನೆಯಲ್ಲಿ ಅವರು ನನಗೆ ಕಾಫಿ ಕೊಟ್ಟರು, ಎದುರಿಗೆ ಕೂತು ಪಿಸುಗುಟ್ಟಿದರು.

"ಎರಡು ಸಾಲು ನಂಬಿಬಿಟ್ಟಿದ್ದೆ ಆಚಾರ್ರೇ. ಬಂತು, ನನ್ನ ದನಿ ಬಂತು ಅಂತ. ಮೂರನೇ ಸಾಲಿಗೆ ಉಸಿರು ತಗೊಂಡೆ. ಹಾಡು ತಗೊಳ್ಳಲಿಲ್ಲ."

"ಆವತ್ತೇ ಎಲ್ಲರಿಗೂ ಹೇಳ್ಬಾರದಿತ್ತಾ ಅಕ್ಕ?"

"ಯಾವ ದನೀಲಿ ಹೇಳ್ಲಿ?"

ನಾನು ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಈಗ ಪ್ರಾರ್ಥನೆಗೆ ಕೂತ್ರೆ ನಾಚಿಕೆ ಆಗುತ್ತೆ. ಕದ್ದ ಅದ್ಭುತ ಮಡಿಲಲ್ಲಿ ಇಟ್ಕೊಂಡು ಅವನ ಮುಂದೆ ಹೆಂಗೆ ಕೂರ್ಲಿ? ನೀವಾದ್ರೂ ಒಂದ್ಸಲ ಅದೇ ಸಭೇಲಿ ಹೇಳ್ಬಿಡಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ನನಗೆ ಧೈರ್ಯ ಇರಲಿಲ್ಲ, ಅಷ್ಟೇ. ಬೇರೆ ಕಾರಣ ಹುಡುಕಿದರೆ ಸುಳ್ಳಾಗುತ್ತದೆ. ಕೊನೆಯವರೆಗೂ ಪ್ರಾರ್ಥನೆಗೆ ಕೂರದೆಯೇ ತೀರಿಕೊಂಡರೆಂದು ಆಮೇಲೆ ಅವರ ತಂಗಿ ಹೇಳಿದಳು.

ಶನಿವಾರ ಪೆಟ್ಟಿಗೆ ತೆರೆದದ್ದೂ ಪಾಸ್ಟರ ಫೋನು ಬಂದದ್ದರಿಂದಲೇ. ಭಾನುವಾರ ಎಗ್ಮೋರಿನಲ್ಲಿ ರೂತಕ್ಕನ ಸ್ಮರಣೆಯ ಆರಾಧನೆ, ಸೌಂಡು ನನ್ನದು, ಆ ಹಾಡು ಹಾಕಲೇಬೇಕು. ಬೇರಿನ ಚೂರನ್ನು ಜೇಬಿಗೆ ಹಾಕಿಕೊಂಡು ಹೋದೆ. ಈ ಸಲ ಮೈಕು ನಾನೇ ಹಿಡಿದೆ. "ಆವತ್ತು ಹಾಡಿದ್ದು ರೂತಕ್ಕ ಅಲ್ಲ. ಹಳೇ ರೆಕಾರ್ಡಿಂಗು. ಅವರು ಬೇಡ ಅಂದಿದ್ರು, ನಾನು ಹಾಕಿದೆ. ಅವರಿಗೆ ದನಿ ಬರಲೇ ಇಲ್ಲ" ಎಂದೆ.

ಪಾಸ್ಟರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನೋಡಿ, ನಂಬದ ಸಹೋದರನ ಕೈಯನ್ನೂ ಕರ್ತರು ಉಪಯೋಗಿಸಿದ್ರು! ಇದೂ ಅದ್ಭುತವೇ! ಸ್ತೋತ್ರ!"

"ಸ್ತೋತ್ರ!" ಎಂದರು ಎಲ್ಲರೂ.

ಅಷ್ಟರಲ್ಲಿ ಯಾರೋ ಫೋನಿನಿಂದ ಆ ಹಾಡು ಹಾಕಿದ್ದರು. ನುಣುಪಾದ ದನಿ, ಎಲ್ಲೂ ತಡೆಯಿಲ್ಲ. ಜನ ಕೈಯೆತ್ತಿ ಕಣ್ಣು ಮುಚ್ಚಿದರು. ಜೇಬಿನಲ್ಲಿದ್ದ ಬೇರನ್ನು ಹಿಡಿದುಕೊಂಡು ನಿಂತೆ. ಎರಡು ಸಾಲು ಮುಗಿದವು. ಮೂರನೆಯದಕ್ಕೆ ನಾನೊಬ್ಬನೇ ಉಸಿರು ತಗೊಂಡೆ.