ಸ್ಟೇಷನ್ ಬೆಂಚಿನ ಮೇಲೆ ಬಸಪ್ಪ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳೂಕಾಲು. ಇವತ್ತು ಹುಕ್ಕೇರಿಗೆ ಹೋಗಿ ಒಂದು ಫೋಟೋ ಮರಳಿಸಬೇಕು. ಅದನ್ನು ಸುತ್ತಿಟ್ಟಿದ್ದ ಹಳೆಯ ಇರಕಲ್ ಸೀರೆಯ ತುಂಡು ಬಿಚ್ಚಿದೊಡನೆ ಡಾಂಬರ್ ಗುಳಿಗೆಯ ವಾಸನೆ ಮೇಜಿನ ತುಂಬ ಹರಡಿತು. ಮತ್ತೆ ಸುತ್ತಿಡಲು ಮನಸ್ಸಾಗದೆ ಪತ್ರಿಕೆಗೆ ಇದನ್ನು ಬರೆಯುತ್ತ ಕೂತಿದ್ದೇನೆ.

ನಮ್ಮೂರಿಗೆ ಒಂದು ಕಾಲಕ್ಕೆ ರೈಲು ನಿಲ್ದಾಣವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನೋಡಿದವನಲ್ಲ. ಮೀಟರ್ ಗೇಜ್ ಹೋಗಿ ಅಗಲ ಹಳಿ ಬಂದಾಗ ಮಾರ್ಗವನ್ನು ಒಂದಿಷ್ಟು ನೇರ ಮಾಡಿದರಂತೆ; ಆ ನೇರಕ್ಕೆ ನಮ್ಮೂರು ಹೊರಗುಳಿಯಿತು. ಹಳಿ ಹಾಸಿದ್ದ ಏರಿಯ ಮೇಲೆ ಈಗ ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತವೆ. ನಿಲ್ದಾಣದ ಕಲ್ಲುಗಳು ಯಾರ್ಯಾರದೋ ದನದ ಕೊಟ್ಟಿಗೆ ಸೇರಿವೆ. ನಮ್ಮ ಹಿತ್ತಲ ಬಾಗಿಲಿನ ಹೊಸ್ತಿಲು ಹಳಿಯಡಿ ಹಾಸುತ್ತಿದ್ದ ಸ್ಲೀಪರ್ ಮರದ್ದು. ಬೇಸಿಗೆಯಲ್ಲಿ ಅದರಿಂದ ಇನ್ನೂ ಕಪ್ಪು ಎಣ್ಣೆ ಜಿನುಗುತ್ತದೆ.

ಆದರೆ ಫೋಟೋಗಳಲ್ಲಿ ನಿಲ್ದಾಣ ಉಳಿದಿದೆ. ಊರಿನಲ್ಲಿ ಸುಣ್ಣ ಬಳಿದ ಉದ್ದ ಗೋಡೆ ಇದ್ದದ್ದು ಅಲ್ಲಿ ಮಾತ್ರ. ಹಾಗಾಗಿ ಮದುಮಕ್ಕಳು, ಪಾಸಾದ ಹುಡುಗರು, ಹೊಸ ಸೈಕಲ್ ಕೊಂಡವರು ಎಲ್ಲರೂ ಆ ಗೋಡೆಯ ಮುಂದೆ ನಿಂತವರೇ. ಹೋದ ವರ್ಷದಿಂದ ನಾನು ಅವನ್ನು ಮನೆಮನೆಯಿಂದ ಎರವಲು ತಂದು, ಪ್ರತಿ ತೆಗೆದು, ಯಾರು, ಯಾವಾಗ ಎಂದು ಬರೆದಿಡುತ್ತಿದ್ದೇನೆ. ಎಣಿಸುವುದು, ತಾರೀಖು ಹಾಕುವುದು ನನ್ನ ಚಟ. ಹಾಲಿನವನು ತಡವಾಗಿ ಬಂದ ದಿನಗಳ ಲೆಕ್ಕವೂ ನನ್ನಲ್ಲಿದೆ. "ನೀ ತಾಳಿ ಕಟ್ಟೂ ಮುಂದೂ ಗಡಿಯಾರ ನೋಡಿ ಬರಕೋತ ನಿಂದರತಿ. ಹುಡುಗಿ ಎದ್ದ ಹೋಗತಾಳ," ಎನ್ನುತ್ತಾಳೆ ಅವ್ವ. ಒಟ್ಟು ನಲವತ್ತೊಂದು ಫೋಟೋ ಸಿಕ್ಕಿವೆ.

ಅವುಗಳಲ್ಲಿ ರೈಲ್ವೆಯವನೊಬ್ಬ ಎದುರಾಗಿ ಕುಳಿತದ್ದು ಇವತ್ತು ಮರಳಿಸಬೇಕಾದ ಇದೊಂದರಲ್ಲೇ. ದಿನವೂ ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆದು, ಸಡಿಲಾದ ಕೀಲು ಬಡಿಯುತ್ತಿದ್ದ ಗ್ಯಾಂಗ್‌ಮನ್ ಬಸಪ್ಪ. ನಿಲ್ದಾಣದ ಬೆಂಚಿನ ಮೇಲೆ ಕಿಟಕಿಗೆ ಬೆನ್ನಾನಿಸಿ ಕೂತಿದ್ದಾನೆ. ಕೊರಳಲ್ಲಿ ಹಾರ, ಹಣೆಯಲ್ಲಿ ವಿಭೂತಿ. ಪಕ್ಕದಲ್ಲಿ ಆರು ವರ್ಷದ ಮಗಳು ಅವನ ಮೊಣಕಾಲ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಅವನ ಒಂದು ಕಣ್ಣು ಕ್ಯಾಮೆರಾ ನೋಡುತ್ತಿದೆ, ಇನ್ನೊಂದು ತುಸು ಹಳಿಯ ಕಡೆಗೆ ವಾಲಿದೆ. ನನ್ನ ಪ್ರತಿಯ ಕೆಳಗೆ ಬರೆದೆ: "ವರ್ಗವಾದ ದಿನದ ಬೀಳ್ಕೊಡುಗೆ. ಹಾರ ಹಾಕಿಸಿಕೊಳ್ಳುವಾಗಲೂ ಹಳಿಯ ಮೇಲೊಂದು ಕಣ್ಣಿಟ್ಟ ಕರ್ತವ್ಯನಿಷ್ಠ."

ಆ ಮಗಳೇ ಗಂಗವ್ವ. ಈಗ ಅರವತ್ತು ದಾಟಿದೆ. ಹುಕ್ಕೇರಿಯಲ್ಲಿ ಸೊಸೆಯೊಂದಿಗೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಹೋದ ತಿಂಗಳು, ಬರೆದದ್ದನ್ನು ಅವಳಿಗೆ ಓದಿ ಹೇಳಿದೆ, ತುಸು ಹೆಮ್ಮೆಯಿಂದಲೇ. ರೊಟ್ಟಿ ಬಡಿಯುವ ಕೈ ನಿಂತಿತು.

"ಬೀಳ್ಕೊಟ್ಟದ್ದೇನೋ ಖರೆ ಐತಿ," ಎಂದಳು. "ಅವತ್ತ ಮುಂಜಾನೆ ಸತ್ತಿದ್ದ ಅಂವಾ."

ಸೊಸೆ ಒಲೆಯ ಮುಂದಿನಿಂದ ತಿರುಗಿ ನನ್ನನ್ನು ನೋಡಿದಳು. ನಾನು ಹಾಳೆ ಮಡಚಿದೆ.

ನಮ್ಮ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತೇವೆ. ನನಗೆ ಗೊತ್ತಿಲ್ಲದ್ದಲ್ಲ, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತೆರೆದ ಕಣ್ಣು ನನ್ನನ್ನು ದಾರಿ ತಪ್ಪಿಸಿತ್ತು. ಹಳಿಯ ಮೇಲೆ ಎದೆ ಹಿಡಿದುಕೊಂಡು ಬಿದ್ದವನನ್ನು ಜೊತೆಗಾರರು ಟ್ರಾಲಿಯಲ್ಲಿ ನಿಲ್ದಾಣಕ್ಕೆ ತಂದರಂತೆ. ಅವನ ಅಣ್ಣ ಮಿರಜ ಕಡೆಯಿಂದ ಸಂಜೆಯ ಗಾಡಿಗೆ ಬರಬೇಕಿತ್ತು. ಅಲ್ಲಿಯವರೆಗೆ ಬೆಂಚಿನ ಮೇಲೆಯೇ ಕೂರಿಸಿ, ಬಗಲಲ್ಲಿ ಹೆಗಲವಸ್ತ್ರದ ವಲ್ಲಿ ಹಾಯಿಸಿ, ಕಿಟಕಿಯ ಸರಳಿಗೆ ಕಟ್ಟಿದ್ದರು. ಗೋಕಾಕದಿಂದ ಫೋಟೋದವನನ್ನು ಕರೆಸಿದ್ದೂ ಆಗಲೇ.

"ಮತ್ತ ಕಣ್ಣ?" ಎಂದೆ.

"ಫೋಟೋದಂವಾ ಬಣ್ಣದಾಗ ಬರದಾನ. ನಮ್ಮವ್ವ ಹೇಳಿದ್ಲಂತ, ಹುಡುಗಿ ಅಂಜತೈತ್ರಿ, ಕಣ್ಣ ತೆರದ ಕೊಡ್ರಿ ಅಂತ. ಅಂವಾ ನಮ್ಮಪ್ಪನ್ನ ಯಾವಾಗ ನೋಡಿದ್ದ? ಯಾರದೋ ಕಣ್ಣ ಹಚ್ಚಿ ಕಳಿಸಿದ." ಅವಳು ಮತ್ತೆ ಹಿಟ್ಟು ಎಳೆದುಕೊಂಡಳು. "ಈಗ ಅಪ್ಪ ಕನಸಿನ್ಯಾಗ ಬಂದ್ರೂ ಅವೇ ಕಣ್ಣ ಹಚಗೊಂಡ ಬರತಾನ. ಖರೇ ಕಣ್ಣ ಹೆಂಗಿದ್ವು, ನನಗ ನೆನಪಿಲ್ಲೋ ತಮ್ಮಾ."

ಅವಳಲ್ಲಿ ಬಸಪ್ಪನ ಬೇರೆ ಫೋಟೋ ಇಲ್ಲ. ಸಕ್ಕರೆ ಕಾಯಿಲೆಗೆ ಅವಳ ಎಡಗಣ್ಣು ಆಗಲೇ ಹೋಗಿದೆ; ಬಲಗಣ್ಣಿಗೂ ಡಾಕ್ಟರು ಭರವಸೆ ಕೊಟ್ಟಿಲ್ಲ. "ಇಷ್ಟ ಮನಿ ತಿರಗೀದಿ. ಯಾರದರ ಮದವಿ ಫೋಟೋದಾಗ, ಮೂಲ್ಯಾಗರ, ಜೀವಂತ ನಿಂತಾನೇನು ನೋಡು. ಈ ಕಣ್ಣೂ ಹೋಗೂದ್ರಾಗ ತೋರಸು," ಎಂದಳು.

ಮನೆಗೆ ಬಂದು ಉಳಿದ ನಲವತ್ತನ್ನೂ ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಅಷ್ಟು ದಿನ ನಾನು ನೋಡಿದ್ದು ಗೋಡೆ, ಗಡಿಯಾರ, ಕಮಾನು. ಜನರೆಲ್ಲ ಅವಕ್ಕೆ ಅಡ್ಡ ಬಂದವರು. ಈಗ ಜನರನ್ನು ಹುಡುಕಿದರೆ, ಅಂಚಿನಲ್ಲಿದ್ದ ರೈಲ್ವೆಯವರನ್ನು ಸ್ಟುಡಿಯೋದವರು ಕತ್ತರಿಸಿಬಿಟ್ಟಿದ್ದಾರೆ. ಒಂದರಲ್ಲಿ ಮೊಣಕೈ ಉಳಿದಿದೆ, ಇನ್ನೊಂದರಲ್ಲಿ ಬಾವುಟದ ಕೋಲು. ಮೂಡಲಗಿಯ ದಿಬ್ಬಣವೊಂದರ ಹಿಂದೆ ಮಾತ್ರ ಒಬ್ಬ ಹೆಗಲ ಮೇಲೆ ಸುತ್ತಿಗೆಯಿಟ್ಟುಕೊಂಡು ದೂರ ನಡೆದಿದ್ದಾನೆ. ಕಾಣುವುದು ಬೆನ್ನು. ಅದನ್ನೇ ದೊಡ್ಡದು ಮಾಡಿಸಿ ಒಯ್ದೆ. ಗಂಗವ್ವ ಬಾಗಿಲ ಬೆಳಕಿಗೆ ಹಿಡಿದು, ಬಲಗಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಅಂವಾ ಇದ್ರೂ ಇರಬಹುದು," ಎಂದು ಮರಳಿ ಕೊಟ್ಟಳು. "ಹೊಳ್ಳಿ ನೋಡಾಂಗಿಲ್ಲಲಾ."

ಈಗ ಒಂಬತ್ತಾಗುತ್ತ ಬಂತು. ಬೆಂಚಿನ ಫೋಟೋವನ್ನು ಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ನನ್ನ ಪ್ರತಿಯ ಕೆಳಗೆ ಬರೆದಿದ್ದನ್ನು ಅಳಿಸಿದೆ; ಬೇರೇನೂ ಬರೆದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಓದುಗರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಸುಣ್ಣದ ಉದ್ದ ಗೋಡೆ, ಕಮಾನಿನ ಕಿಟಕಿ ಕಾಣುವ ಮದುವೆಯ ಫೋಟೋ ಇದ್ದರೆ ಒಮ್ಮೆ ಹೊರತೆಗೆಯಿರಿ. ಮದುಮಕ್ಕಳನ್ನು ಬಿಟ್ಟು ಅಂಚು ನೋಡಿ. ತೆಳ್ಳಗಿನ ಮನುಷ್ಯ, ಬಲ ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ. ಕಂಡರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಬೇಗ ಬರೆಯಿರಿ. ಫೋಟೋ ತೆಗೆಯುವಾಗ ಅವನು ಕಣ್ಣು ಮಿಟುಕಿಸಿದ್ದರೂ ಕಳಿಸಿ. ಮತ್ತೆ ತೆರೆಯಲಿದ್ದ ಕಣ್ಣು ಅದು.